ಶರ್ಲಿ ಚಿಸಮ್: 1972ರ ಅಧ್ಯಕ್ಷೀಯ ಉಮೇದುವಾರಿಕೆ

ಅಮೆರಿಕದ ಪ್ರಮುಖ ಪಕ್ಷವೊಂದರಿಂದ ಅಧ್ಯಕ್ಷ ಸ್ಥಾನದ ಉಮೇದುವಾರಿಕೆ ಕೋರಿ ಕಣಕ್ಕಿಳಿದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಸಮ್ (1924–2005). 1972ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ಅವರು ನಡೆಸಿದ ಸ್ಪರ್ಧೆಯ ಚರಿತ್ರೆಯಲ್ಲಿ ಬಿಳಿಯರ ವಿರೋಧ ಒಂದು ಭಾಗ ಮಾತ್ರ. ತಮ್ಮವರೇ ಅವರ ಮೇಲೆ ಹೊರಿಸಿದ ನಿರೀಕ್ಷೆಗಳ ಪಾಲು ಅದಕ್ಕಿಂತ ಕಡಿಮೆಯೇನಲ್ಲ.

ಚಿಸಮ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಬ್ರಿಟಿಷ್ ಗಯಾನಾದಿಂದ, ತಾಯಿ ಬಾರ್ಬಡೋಸ್‌ನಿಂದ ವಲಸೆ ಬಂದವರು. ಬಾಲ್ಯದ ಕೆಲವು ವರ್ಷ ಬಾರ್ಬಡೋಸ್‌ನಲ್ಲಿ ಅಜ್ಜಿಯ ಆಸರೆಯಲ್ಲಿ ಕಳೆದವು. ಶಿಶುವಿಹಾರದ ಶಿಕ್ಷಕಿಯಾಗಿದ್ದ ಅವರು ರಾಜ್ಯ ಶಾಸನಸಭೆಯನ್ನು ದಾಟಿ 1968ರಲ್ಲಿ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಆ ಸಭೆಗೆ ಗೆದ್ದ ಮೊದಲ ಕಪ್ಪು ಮಹಿಳೆ ಅವರೇ. ಎದುರಾಳಿ ಜೇಮ್ಸ್ ಫಾರ್ಮರ್ ನಾಗರಿಕ ಹಕ್ಕುಗಳ ಹೋರಾಟದ ದೊಡ್ಡ ಹೆಸರು. ವಾಷಿಂಗ್ಟನ್ನಿಗೆ ಗಂಡಸಿನ ದನಿ ಬೇಕು ಎಂದು ಅವರ ಕಡೆಯವರು ಪ್ರಚಾರ ಮಾಡಿದರು. ಚಿಸಮ್ ಕ್ಷೇತ್ರದ ಪೋರ್ಟೊರಿಕೋ ಮೂಲದ ಮತದಾರರ ಮುಂದೆ ಸ್ಪ್ಯಾನಿಷ್‌ನಲ್ಲೇ ಮಾತನಾಡಿ ಮತ ಕೇಳಿದರು. ಗೆದ್ದು ಬಂದ ನಗರವಾಸಿ ಸದಸ್ಯೆಯನ್ನು ಸಭೆಯ ಹಿರಿಯರು ಕೃಷಿ ಸಮಿತಿಗೆ ಹಾಕಿದಾಗ ಬಹಿರಂಗವಾಗಿ ಪ್ರತಿಭಟಿಸಿ ಬೇರೆ ಸಮಿತಿ ಪಡೆದರು. ಹೊಸಬರು ಬಾಯಿ ಮುಚ್ಚಿಕೊಂಡಿರಬೇಕೆಂಬ ಸಂಪ್ರದಾಯ ಅಲ್ಲಿ ಬಲವಾಗಿದ್ದ ಕಾಲವದು.

1972ರ ಜನವರಿ 25ರಂದು ಬ್ರೂಕ್ಲಿನ್‌ನ ಚರ್ಚೊಂದರಲ್ಲಿ ತಮ್ಮ ಸ್ಪರ್ಧೆಯನ್ನು ಘೋಷಿಸಿದ ಚಿಸಮ್, ತಾನು ಕಪ್ಪು ಜನರ ಅಭ್ಯರ್ಥಿಯೂ ಅಲ್ಲ, ಮಹಿಳಾ ಚಳವಳಿಯ ಅಭ್ಯರ್ಥಿಯೂ ಅಲ್ಲ, ಅಮೆರಿಕದ ಜನರ ಅಭ್ಯರ್ಥಿ ಎಂದರು. ಕಪ್ಪಾಗಿರುವುದಕ್ಕೂ ಹೆಣ್ಣಾಗಿರುವುದಕ್ಕೂ ಹೆಮ್ಮೆಯಿದೆ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿದ್ದರು. ಆದರೆ ಎರಡೂ ಬಣಗಳು ಅವರನ್ನು ತಮ್ಮ ತಮ್ಮ ಅಳತೆಗೋಲಿನಿಂದಲೇ ಅಳೆದವು. ಕಪ್ಪು ನಾಯಕರಲ್ಲಿ ಹಲವರಿಗೆ ಅವರು ತಮ್ಮನ್ನು ಕೇಳದೆ ಹೊರಟವರು, ಹೆಣ್ಣುಮಕ್ಕಳ ಪರವಾಗಿ ವಾಲಿದವರು. ಆ ವರ್ಷ ಮಾರ್ಚ್‌ನಲ್ಲಿ ಇಂಡಿಯಾನಾದ ಗ್ಯಾರಿಯಲ್ಲಿ ನಡೆದ ರಾಷ್ಟ್ರೀಯ ಕಪ್ಪು ರಾಜಕೀಯ ಸಮಾವೇಶ ಅವರಿಗೆ ಬೆಂಬಲ ಘೋಷಿಸಲಿಲ್ಲ. ಇದನ್ನು ಬರಿಯ ತಂತ್ರಗಾರಿಕೆ ಎಂದು ತಳ್ಳಿಹಾಕಲಾಗದು. ಗೆಲ್ಲುವ ಬಿಳಿಯ ಅಭ್ಯರ್ಥಿಯೊಡನೆ ಚೌಕಾಶಿ ಮಾಡುವ ಲೆಕ್ಕಾಚಾರ ಅದರಲ್ಲಿ ಇದ್ದಿತಾದರೂ, ಹೆಣ್ಣೊಬ್ಬಳ ಮುಂದಾಳತ್ವವನ್ನು ಒಪ್ಪಲಾರದ ಮನಸ್ಸೂ ಇತ್ತು. ಕಪ್ಪಾಗಿರುವುದಕ್ಕಿಂತ ಹೆಣ್ಣಾಗಿರುವುದಕ್ಕೇ ರಾಜಕೀಯದಲ್ಲಿ ಹೆಚ್ಚು ಅಡ್ಡಿ ಎದುರಿಸಿದೆ ಎಂದು ಚಿಸಮ್ ಮತ್ತೆ ಮತ್ತೆ ಹೇಳುತ್ತಿದ್ದರು. ಇತ್ತ ಮಹಿಳಾ ಚಳವಳಿಯ ಪ್ರಮುಖರಲ್ಲಿ ಗ್ಲೋರಿಯಾ ಸ್ಟೈನಮ್ ಅವರ ಬೆಂಬಲವೂ ಚಿಸಮ್ ಮತ್ತು ಪಕ್ಷದ ಮತ್ತೊಬ್ಬ ಸ್ಪರ್ಧಿ ಜಾರ್ಜ್ ಮೆಕ್‌ಗವರ್ನ್ ನಡುವೆ ಹಂಚಿಹೋಗಿತ್ತು.

ಮೇ 15ರಂದು, ಅದೇ ಪಕ್ಷದ ಇನ್ನೊಬ್ಬ ಸ್ಪರ್ಧಿ, ಅಲಬಾಮಾದ ಗವರ್ನರ್ ಜಾರ್ಜ್ ವ್ಯಾಲೇಸ್ ಮೇಲೆ ಗುಂಡು ಹಾರಿತು. ವ್ಯಾಲೇಸ್ ವರ್ಣಭೇದದ ಕಟ್ಟಾ ಸಮರ್ಥಕ. ಚಿಸಮ್ ಆಸ್ಪತ್ರೆಗೆ ಹೋಗಿ ಅವರನ್ನು ಕಂಡರು. ನಿಮ್ಮ ಜನ ಏನೆಂದಾರು ಎಂದು ವ್ಯಾಲೇಸ್ ಕೇಳಿದಾಗ, ಏನೆನ್ನುತ್ತಾರೋ ಗೊತ್ತಿದೆ, ಆದರೂ ಇಂಥ ಗತಿ ಯಾರಿಗೂ ಬರಬಾರದು ಎಂದು ಉತ್ತರಿಸಿದರು. ಅವರ ಕ್ಷೇತ್ರದ ಜನ ನಿಜಕ್ಕೂ ಸಿಟ್ಟಾದರು. ತಮ್ಮವಳು ತಮ್ಮ ಕೋಪವನ್ನೂ ಹೊರಬೇಕೆಂಬುದು ಅವರ ನಿರೀಕ್ಷೆ. ಮುಂದೆ, ಮನೆಗೆಲಸದವರಿಗೂ ಕನಿಷ್ಠ ವೇತನ ಕೊಡಿಸಲು ಚಿಸಮ್ ಬೆಂಬಲಿಸಿದ್ದ ಮಸೂದೆಗೆ ದಕ್ಷಿಣದ ಸದಸ್ಯರ ಮತಗಳನ್ನು ಒದಗಿಸಲು ವ್ಯಾಲೇಸ್ ನೆರವಾದರು. ಅದು 1974ರಲ್ಲಿ ಕಾನೂನಾಯಿತು.

ಜುಲೈನಲ್ಲಿ ಪಕ್ಷದ ಮಯಾಮಿ ಬೀಚ್ ಅಧಿವೇಶನದಲ್ಲಿ ಮೆಕ್‌ಗವರ್ನ್ ಅಭ್ಯರ್ಥಿಯಾದರು. ಕಾಂಗ್ರೆಸ್ಸಿನಲ್ಲಿ ಚಿಸಮ್ ಅವರ ಬೆಂಬಲಕ್ಕಿದ್ದ ಕೆಲವೇ ಕಪ್ಪು ಸದಸ್ಯರಲ್ಲಿ ಒಬ್ಬರಾದ ರಾನ್ ಡೆಲಮ್ಸ್ ಕೂಡ ಅಲ್ಲಿ ಮೆಕ್‌ಗವರ್ನ್ ಕಡೆ ಸೇರಿದರು. ಚಿಸಮ್ ಅವರಿಗೆ 152 ಪ್ರತಿನಿಧಿಗಳ ಮತ ಬಂತು. 1983ರ ಆರಂಭದವರೆಗೆ ಅವರು ಪ್ರತಿನಿಧಿ ಸಭೆಯಲ್ಲಿದ್ದರು. 2015ರಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ಚಿಸಮ್ ಅವರಿಗೆ ಮರಣೋತ್ತರವಾಗಿ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕವನ್ನು ನೀಡಿದರು.