ಯಕ್ಷಗಾನದ ಹಿಮ್ಮೇಳವೂ ಅದರ ಮುಂದಾಳೂ

ಸಾಮಾನ್ಯವಾದ ಸಂಗೀತ ಸಭೆಗಳಲ್ಲಿ ಹಾಡತಕ್ಕವನು ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ, ಮುಂದಾಗಿ ಕುಳಿತುಕೊಳ್ಳುವನು. ಪಕ್ಕವಾದ್ಯದವರು ಆ ಹೆಸರಿಗೆ ತಕ್ಕಂತೆ ಅವನ ಪಕ್ಕದಲ್ಲಿರುವರು. ಜನರು ಗಾಯಕನ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಮನೆಗೆ ಹೋಗುವರು. ಲೋಕದ ರೂಢಿಯು ಹೀಗಿರಲು, ನಮ್ಮ ಜಿಲ್ಲೆಯ ಯಕ್ಷಗಾನವು ಬೇರೊಂದು ಏರ್ಪಾಡನ್ನು ಮಾಡಿಕೊಂಡಿದೆ. ಇಲ್ಲಿ ಮುಖ್ಯ ಗಾಯಕನ ಸ್ಥಾನವು ರಂಗಸ್ಥಳದ ಹಿಂಬದಿಯಲ್ಲಿ. ಅವನೂ, ಮದ್ದಳೆಗಾರನೂ, ಚೆಂಡೆಗಾರನೂ ಕೂಡಿ ಹಿಮ್ಮೇಳವೆನಿಸಿಕೊಳ್ಳುವರು. ಬಣ್ಣ ಕಟ್ಟಿ ಗೆಜ್ಜೆ ಕಟ್ಟಿ ಕುಣಿಯುವವರದು ಮುಮ್ಮೇಳ. ಮುಂದಾಳಾದವನೇ ಹಿಂದೆ ಕುಳಿತಿರುವುದು ವಿಚಿತ್ರವಾಗಿ ತೋರಬಹುದು. ಆದರೆ ಈ ಕಲೆಯ ಬಾಳ್ವೆಗೆ ಆಧಾರವಾದ ತತ್ವವು ಇದರಲ್ಲಿಯೇ ಅಡಗಿದೆಯೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶವು.

ಮೊದಲು ಹೆಸರನ್ನೇ ನೋಡೋಣ. ವೇಷವೂ ಕುಣಿತವೂ ಇಲ್ಲದೆ, ಹಾಡು ಮತ್ತು ಮಾತುಗಳಿಂದಲೇ ಕಥೆಯನ್ನು ನಡೆಸುವ ಪ್ರಕಾರಕ್ಕೆ ನಮ್ಮ ಹಿರಿಯರು ತಾಳಮದ್ದಳೆಯೆಂದು ಹೆಸರಿಟ್ಟರು. ಅರ್ಥ ಹೇಳುವವರ ವಾಕ್ಚಾತುರ್ಯಕ್ಕೆ ಅಲ್ಲಿ ಎಷ್ಟು ಮನ್ನಣೆಯಿದ್ದರೂ ಕಲೆಗೆ ಹೆಸರು ಬಂದದ್ದು ಅವರಿಂದಲ್ಲ. ಗಾಯಕನ ಕಂಠದಿಂದಲೂ ಅಲ್ಲ. ಭಾಗವತನ ಕೈಯ ತಾಳ, ಅವನ ಬಳಿಯ ಮದ್ದಳೆ, ಇವೆರಡು ವಾದ್ಯಗಳಿಂದ ಬಂದಿತು. ಈ ಹೆಸರು ಇತ್ತೀಚಿನದೂ ಅಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ ಕಡೆಯ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಸ್ಥಾನದಲ್ಲಿ ದೊರೆತ 1556ನೆಯ ಇಸವಿಯ ಶಾಸನವು ತಾಳಮದ್ದಳೆಯ ಸೇವೆಗಾಗಿ ಭೂಮಿಯನ್ನು ಬಿಟ್ಟುದನ್ನು ಹೇಳುತ್ತದೆ. ನಾಲ್ಕೂವರೆ ಶತಮಾನಗಳಿಗಿಂತಲೂ ಹಿಂದೆಯೇ ಕನ್ನಡಿಗರು ಒಂದು ಕಲೆಯನ್ನು ಅದರ ಹಿಮ್ಮೇಳದ ಹೆಸರಿನಿಂದ ಕರೆದು, ಅದರ ಯೋಗಕ್ಷೇಮಕ್ಕೆ ಭೂಮಿಯನ್ನು ಕೊಟ್ಟಿದ್ದರೆಂಬುದು ಅಲ್ಪವಾದ ಸಂಗತಿಯಲ್ಲ.

ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟವನ್ನು ಇಳಿಯುವುದಕ್ಕೆ ಮುಂಚೆ ಸಿಗುವ ಇಡಗುಂದಿಯ ಸೀಮೆಯವರಿಗೆ ತಾಳಮದ್ದಳೆಯ ವಿಷಯವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಮಳೆಗಾಲದಲ್ಲಿ ಬಯಲಾಟಕ್ಕೆ ಬಿಡುವು. ಅಡಕೆಯ ತೋಟಗಳ ನಡುವೆ ಒಂದೊಂದೇ ಮನೆಯಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಲ್ಲಿ ಆಗ ಮನೆಯ ಜಗುಲಿಯೇ ರಂಗಸ್ಥಳವಾಗುವುದು. ಸೂರಿನಿಂದ ನೀರು ಧಾರೆಯಾಗಿ ಇಳಿಯುತ್ತಿರುವಾಗ ಒಳಗೆ ಮದ್ದಳೆಯ ನಾದವು ಏಳುವುದು. ವೇಷದ ಮೆರುಗು ಇಲ್ಲದ ಆ ಜಗುಲಿಯಲ್ಲಿಯೇ ಹಿಮ್ಮೇಳದ ನಿಜವಾದ ಬೆಲೆಯು ತಿಳಿದುಬರುವುದು. ಕಣ್ಣಿಗೆ ಆಕರ್ಷಣೆಯಿಲ್ಲವಾದುದರಿಂದ ಕಿವಿಯು ಯಾವ ಲೋಪವನ್ನೂ ಮನ್ನಿಸುವುದಿಲ್ಲ.

ಇನ್ನು ಬಯಲಾಟದಲ್ಲಿ ಹಿಮ್ಮೇಳದ ಕಾರ್ಯವು ಹೇಗೆ ನಡೆಯುವುದೆಂಬುದನ್ನು ವಿಚಾರಿಸೋಣ. ಆಟವುಂಟೆಂಬ ವಾರ್ತೆಯನ್ನು ಊರಿಗೆ ಮೊದಲು ತಿಳಿಸುವುದು ಗಾಯಕನ ಕಂಠವಲ್ಲ. ವಾದ್ಯಗಳನ್ನು ಬಾರಿಸಿ ಕೇಳಿ ಹೊಡೆಯುವ ಪದ್ಧತಿಯಿಂದಲೇ ದೂರದ ಮನೆಗಳವರಿಗೆ ಕರೆಯು ಮುಟ್ಟುತ್ತಿತ್ತು. ಆಟವು ಮೊದಲಾದ ಮೇಲೆ ಭಾಗವತನು ಪ್ರಸಂಗದ ಪದ್ಯವನ್ನೆತ್ತುವನು. ಮದ್ದಳೆಯು ಅದರ ಛಂದಸ್ಸನ್ನೂ ತಾಳವನ್ನೂ ಹಿಡಿದು ನಡೆಸುವುದು. ವೀರ, ರೌದ್ರಗಳಲ್ಲಿ ಚೆಂಡೆಯು ಮೊಳಗುವುದು. ಶೃಂಗಾರ, ಕರುಣಗಳಲ್ಲಿ ಹಿಂಜರಿದು ಮದ್ದಳೆಗೆ ಎಡೆಗೊಡುವುದು. ಪದ್ಯದ ಕೊನೆಯಲ್ಲಿ ಮುಕ್ತಾಯವು ಬರುವಾಗ ಭಾಗವತನ ತಾಳ, ಮದ್ದಳೆಯ ಪೆಟ್ಟು, ಚೆಂಡೆಯ ಪೆಟ್ಟು, ಕುಣಿಯುವವನ ಹೆಜ್ಜೆ, ಈ ನಾಲ್ಕೂ ಒಂದೇ ಕ್ಷಣದಲ್ಲಿ ಬಂದು ನಿಲ್ಲಬೇಕು. ಅದು ನಿಂತರೆ ಪ್ರೇಕ್ಷಕನು ತನಗೆ ತಿಳಿಯದೆಯೇ ತಲೆದೂಗುವನು. ತಪ್ಪಿದರೆ ಎಂತಹ ಕಿರೀಟವೂ ಆ ಕ್ಷಣವನ್ನು ಉಳಿಸಲಾರದು.

ಭಾಗವತನು ಹಾಡುಗಾರ ಮಾತ್ರನಲ್ಲ. ಪ್ರಸಂಗದ ನಡೆಯು ಅವನ ಅಧೀನವು. ಯಾವ ಪದ್ಯವನ್ನು ಹಿಗ್ಗಿಸಬೇಕು, ಯಾವುದನ್ನು ಬಿಡಬೇಕು, ಯಾವ ಪಾತ್ರಧಾರಿಯು ದಣಿದಿರುವನು, ಇರುಳು ಎಷ್ಟು ಉಳಿದಿದೆ, ಇವೆಲ್ಲವೂ ಅವನ ಲೆಕ್ಕದಲ್ಲಿರಬೇಕು. ರಂಗಕ್ಕೆ ಬಂದ ಪಾತ್ರವನ್ನು ಮಾತನಾಡಿಸಿ, ಅದರ ಹೆಸರನ್ನೂ ಬಂದ ಕಾರಣವನ್ನೂ ಹೊರಡಿಸುವವನೂ ಅವನೇ. ಆದುದರಿಂದಲೇ ಬಣ್ಣ ಹಚ್ಚದಿದ್ದರೂ ಅವನನ್ನು ಒಂದನೆಯ ವೇಷವೆಂದು ಮೇಳದವರು ಗೌರವಿಸುವರು. ಆದರೆ ಈ ಅಧಿಕಾರವನ್ನು ಅವನು ಚಲಾಯಿಸುವುದು ಹಿಂದೆ ಕುಳಿತು, ಮದ್ದಳೆಗಾರನ ಕಣ್ಣಿನ ಅಳವಿಯಲ್ಲಿ. ಅವನು ನಾಯಕನಹುದು, ಜೊತೆಗಾರರನ್ನು ಬಿಟ್ಟು ಮುಂದೆ ಹೋಗಬಲ್ಲ ನಾಯಕನಲ್ಲ.

ಇದಕ್ಕೆ ಉತ್ತಮವಾದ ನಿದರ್ಶನವು ನಮ್ಮ ಜಿಲ್ಲೆಯಲ್ಲಿಯೇ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. (ಹೊನ್ನಾವರ ತಾಲೂಕಿನ ಆ ಇಡಗುಂಜಿಯನ್ನೂ ಮೇಲೆ ಹೇಳಿದ ಇಡಗುಂದಿಯನ್ನೂ ವಾಚಕರು ಒಂದೆಂದು ತಿಳಿಯಬಾರದು.) ಈ ಮೇಳದ ಕೀರ್ತಿಯನ್ನು ಹೇಳುವವರು ಶಿವರಾಮ ಹೆಗಡೆ, ಶಂಭು ಹೆಗಡೆ, ಮಹಾಬಲ ಹೆಗಡೆಯವರ ಪಾತ್ರಗಳನ್ನು ವರ್ಣಿಸುವುದು ಸಹಜವು. ಆ ಪಾತ್ರಗಳ ಬೆನ್ನಿಗೆ ದಶಕಗಳ ಕಾಲ ಇದ್ದ ಕಂಠವು ಶಿರಸಿ ತಾಲೂಕಿನ ನೆಬ್ಬೂರು ನಾರಾಯಣ ಭಾಗವತರದು. 2019ರಲ್ಲಿ ದಿವಂಗತರಾದ ನೆಬ್ಬೂರರ ಹಾಡಿಕೆಯಲ್ಲಿ ಆಡಂಬರಕ್ಕಿಂತ ಭಾವಕ್ಕೆ ಹೆಚ್ಚು ಎಡೆ; ಪಾತ್ರವು ಬೆಳೆಯುವುದಕ್ಕೆ ಬೇಕಾದಷ್ಟೇ ಅವರು ಹಾಡಿದರು. ಅನೇಕ ವರ್ಷ ಒಟ್ಟಿಗೆ ತಿರುಗಿ, ಒಂದೇ ಚೌಕಿಯಲ್ಲಿ ಕುಳಿತು, ಒಬ್ಬರ ಉಸಿರಿನ ಗತಿಯನ್ನು ಇನ್ನೊಬ್ಬರು ಅರಿತಲ್ಲದೆ ಇಂತಹ ಮಿತವು ಬಾರದು. ಮದ್ದಳೆಯಲ್ಲಿ ಹೆಸರಾದ ಕರ್ಕಿ ಪ್ರಭಾಕರ ಭಂಡಾರಿ, ದುರ್ಗಪ್ಪ ಗುಡಿಗಾರರಂತಹವರ ಹಿರಿಮೆಯೂ ಈ ಬಗೆಯದೇ. ಅವರ ವಿದ್ಯೆಯ ಫಲವನ್ನು ಜನರು ಕಂಡದ್ದು ಹೆಚ್ಚಾಗಿ ಇನ್ನೊಬ್ಬರ ಹೆಜ್ಜೆಯಲ್ಲಿ.

ಡಾಕ್ಟರ್ ಶಿವರಾಮ ಕಾರಂತರು ಈ ಮಾತನ್ನು ಬೇರೊಂದು ದಾರಿಯಿಂದ ಪರೀಕ್ಷೆಗೆ ಒಡ್ಡಿದರು. 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ಯಕ್ಷಗಾನ ಬಯಲಾಟ’ವನ್ನು ಬರೆದ ಅವರು, ತಮ್ಮ ಪ್ರಯೋಗಗಳಲ್ಲಿ ಮಾತುಗಾರಿಕೆಯನ್ನು ತೆಗೆದು, ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಸೇರಿಸಿದರು. ಇದನ್ನು ಒಪ್ಪಿದವರೂ ಉಂಟು, ಆಕ್ಷೇಪಿಸಿದವರೂ ಉಂಟು. ಮಾತು ಹೋದರೂ ಕಥೆಯು ನಿಲ್ಲಲಿಲ್ಲವೆಂಬುದು ಮಾತ್ರ ಇಲ್ಲಿ ಗಮನಿಸತಕ್ಕುದು. ಹಾಡೂ ವಾದ್ಯವೂ ಅದನ್ನು ಹೊತ್ತು ನಡೆದುವು.

ಹಿಂದಿದ್ದ ಗಾಯಕನನ್ನು ಕಾಲವು ಮುಂದಕ್ಕೆ ಕರೆತಂದ ಬಗೆಯು ಇದಕ್ಕಿಂತಲೂ ವಿಚಾರಾರ್ಹವು. 1958ರಲ್ಲಿ ಹುಟ್ಟಿದ ಗುಂಡ್ಮಿಯ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದ ಭಾಗವತರಾಗಿ ಬಡಗುತಿಟ್ಟಿನ ಹಾಡಿಕೆಗೆ ಹೊಸ ಮೋಡಿಯನ್ನು ತಂದರು. ಭಾಗವತನ ಹೆಸರನ್ನು ಕೇಳಿಯೇ ಜನರು ಆಟಕ್ಕೆ ಬರತೊಡಗಿದರು. ಧ್ವನಿಸುರುಳಿಗಳು ಆ ಕಂಠವನ್ನು ಮನೆಮನೆಗೆ ಮುಟ್ಟಿಸಿದುವು. 1990ರಲ್ಲಿ ರಸ್ತೆಯ ಅಪಘಾತದಲ್ಲಿ ಅವರು ಅಕಾಲಮರಣಕ್ಕೆ ತುತ್ತಾದಾಗ ನಾಡು ಮರುಗಿದ್ದು ನ್ಯಾಯವೇ. ಅವರ ಪ್ರತಿಭೆಯಿಂದ ಭಾಗವತಿಕೆಗೆ ಬಂದ ಗೌರವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ತರುವಾಯದ ಅನುಕರಣದಲ್ಲಿ ಒಂದು ಅಪಾಯವೂ ಬೆಳೆಯಿತು. ಧ್ವನಿವರ್ಧಕವು ಕಂಠವನ್ನು ಎತ್ತರಕ್ಕೇರಿಸಿತು, ಆಲಾಪವು ದೀರ್ಘವಾಯಿತು. ಭಾಗವತನಿಗೂ ವೇಷಧಾರಿಗೂ ಒಂದು ರಾತ್ರಿಯ ಮಟ್ಟಿಗೆ ಬೇರೆ ಬೇರೆ ಕಡೆಗಳಿಂದ ಕರೆ ಹೋಗುವುದು ವಾಡಿಕೆಯಾಯಿತು. ಪ್ರತಿಭಾವಂತರು ಒಂದು ರಾತ್ರಿ ಕೂಡುವುದು ಬೇರೆ, ಮೇಳವಾಗುವುದು ಬೇರೆ. ಮೇಳವೆಂದರೆ ಕೂಡಿ ಕಳೆದ ಕಾಲವು.

ಪರದೇಶದಲ್ಲಿಯೂ ಇದಕ್ಕೆ ಹೋಲುವ ಕಥೆಯುಂಟು. ಅಮೆರಿಕೆಯ ಡೆಟ್ರಾಯಿಟ್ ನಗರದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯು 1960ರ ದಶಕದಲ್ಲಿ ಅನೇಕ ಗಾಯಕರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿತು. ಅವರೆಲ್ಲರ ಹಿಂದೆಯೂ ನುಡಿಸಿದವರು ಬಹುತೇಕ ಒಂದೇ ವಾದ್ಯವೃಂದದವರು. ಅವರಿಗೆ ಫಂಕ್ ಬ್ರದರ್ಸ್ ಎಂದು ಹೆಸರು. ಗಾಯಕರು ಬದಲಾದರೂ ನಾದದ ಮುದ್ರೆಯು ಬದಲಾಗದಿದ್ದುದಕ್ಕೆ ಅವರೇ ಕಾರಣರು. ಆದರೂ ಮಾರ್ವಿನ್ ಗೇ ಎಂಬ ಗಾಯಕನ 1971ರ ಧ್ವನಿಮುದ್ರಿಕೆಯವರೆಗೆ ಆ ಸಂಸ್ಥೆಯ ಹೊದಿಕೆಗಳ ಮೇಲೆ ಅವರಿಗೆ ಮನ್ನಣೆಯು ಸಿಕ್ಕಿರಲಿಲ್ಲ. ಭೂಮಿಯನ್ನು ಬಿಟ್ಟು ಹಿಮ್ಮೇಳವನ್ನು ಸಾಕಿದ ನಾಡಿನವರಾದ ನಾವು ಈ ವಿಷಯದಲ್ಲಿ ಅವರಿಗಿಂತ ಮುಂದಿರಬೇಕಾಗಿತ್ತು. ನಮ್ಮ ಕರಪತ್ರಗಳಲ್ಲಿ ವೇಷಧಾರಿಗಳ ಮತ್ತು ಭಾಗವತರ ಹೆಸರುಗಳು ದಪ್ಪಕ್ಷರಗಳಲ್ಲಿ ಬಂದು, ಮದ್ದಳೆ, ಚೆಂಡೆಗಳವರದು ಕೊನೆಯ ಸಾಲಿಗೆ ಇಳಿದರೆ ಅದು ನಮ್ಮ ಪರಂಪರೆಗೆ ಒಪ್ಪುವ ನಡತೆಯಲ್ಲ.

ಮಾಡತಕ್ಕುದು ಕಷ್ಟವಾದುದೇನಲ್ಲ. ಆಟವನ್ನು ಆಡಿಸುವ ಗೃಹಸ್ಥರು ಸಂಭಾವನೆಯನ್ನು ಹಂಚುವಾಗ ಹಿಂದೆ ಕುಳಿತವರನ್ನೂ ಲೆಕ್ಕಕ್ಕೆ ಹಿಡಿಯಲಿ. ಮಕ್ಕಳಿಗೆ ಯಕ್ಷಗಾನವನ್ನು ಕಲಿಸಲು ಮನಸ್ಸುಳ್ಳವರು ಕುಣಿತದೊಂದಿಗೆ ಮದ್ದಳೆಯನ್ನೂ ಕಲಿಸಲಿ. ಕುಣಿಯುವ ಹತ್ತು ಮಕ್ಕಳಿಗೆ ಬಾರಿಸುವ ಒಬ್ಬನಾದರೂ ಇಲ್ಲವಾದರೆ ಆ ಹತ್ತು ಮಂದಿಯ ವಿದ್ಯೆಯೂ ನಿಲ್ಲುವುದು. ಜಗುಲಿಯಲ್ಲಿ ತಾಳಮದ್ದಳೆ ಕೂಡಿಸುವವರು ಒಂದೇ ಹಿಮ್ಮೇಳವನ್ನು ವರ್ಷವರ್ಷವೂ ಕರೆದು, ಅದು ಪಳಗುವುದಕ್ಕೆ ಅವಕಾಶ ಕೊಡಲಿ. ಒಳ್ಳೆಯ ಕಂಠವು ದೈವದತ್ತವಾಗಿ ಎಲ್ಲಿಯಾದರೂ ಹುಟ್ಟೀತು. ಅದನ್ನು ಹೊತ್ತು ನಡೆಯಬಲ್ಲ ಮೇಳವನ್ನು ಮಾತ್ರ ಊರೇ ಬೆಳೆಸಿಕೊಳ್ಳಬೇಕು.