ಖಾನೇಷುಮಾರಿಯಿಂದ ಅಂಗೈ ಯಂತ್ರದವರೆಗೆ: ಹೈದರಾಬಾದಿನ ಮನೆಗಳ ಲೆಕ್ಕ

ಜನಗಣತಿಗೆ ನಮ್ಮ ಹಿರಿಯರು ಬಳಸುತ್ತಿದ್ದ ಹೆಸರು ‘ಖಾನೇಷುಮಾರಿ’. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಈ ಪಾರಸಿ ಮಾತು ಮೈಸೂರು ಸೀಮೆಯಲ್ಲಿಯೂ ಮನೆಮಾತಾಗಿತ್ತು. ಜನರನ್ನು ಎಣಿಸಬೇಕಾದರೆ ಮೊದಲು ಮನೆಯನ್ನು ಎಣಿಸಬೇಕು ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಅಡಗಿದೆ. ನೆಲದ ಲೆಕ್ಕ ಕನ್ನಡಿಗರಿಗೆ ಹೊಸದೂ ಅಲ್ಲ. ದತ್ತಿಗೆ ಬಿಟ್ಟ ಭೂಮಿಯನ್ನು ಗಳೆಯಿಂದ ಅಳೆದು, ಇಷ್ಟು ಮತ್ತರೆಂದು ಹೇಳಿ, ನಾಲ್ಕು ದಿಕ್ಕಿನ ಎಲ್ಲೆಯನ್ನು ಕಲ್ಲಿನಲ್ಲಿ ಕೆತ್ತಿಸಿದ ಶಾಸನಗಳು ನಮ್ಮ ನಾಡಿನಲ್ಲಿ ಹೇರಳವಾಗಿವೆ. ಆ ಗಳೆಯ ಸ್ಥಾನದಲ್ಲಿ ಇಂದು ಅಂಗೈಯಗಲದ ಗಣಕಯಂತ್ರ ಬಂದಿದೆ. ನಾವು ಬಂದು ನೆಲೆಸಿದ ಈ ಹೈದರಾಬಾದು ನಗರದಲ್ಲಿ ಆ ಮಾರ್ಪಾಡು ಹೇಗಾಯಿತೆಂಬುದನ್ನು ರಾಜ್ಯೋತ್ಸವದ ಈ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಈ ನಗರದ ಮನೆಗಳ ಲೆಕ್ಕಕ್ಕೆ ಪ್ರಬಲವಾದ ಪ್ರೇರಣೆಯನ್ನು ಕೊಟ್ಟದ್ದು ಒಂದು ಮಹಾವಿಪತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬಂದು ನಗರದ ಎದೆಯನ್ನೇ ಸೀಳಿತು. ಸುಮಾರು 15,000 ಜನ ಮಡಿದರೆಂದು ಅಂದಾಜು. ಸಾವಿರಾರು ಮನೆಗಳು ನೆಲಸಮವಾದವು. ಅಫ್ಜಲ್‌ಗಂಜಿನ ಒಂದು ಹುಣಿಸೆಯ ಮರವನ್ನು ಏರಿ ನೂರೈವತ್ತು ಮಂದಿ ಬದುಕಿಕೊಂಡ ಸಂಗತಿಯನ್ನು ಈಗಲೂ ಹಳಬರು ಹೇಳುತ್ತಾರೆ.

ಆಗ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಇಲ್ಲಿಗೆ ಬಂದ ಅವರು ಕೂಡಲೇ ಕಟ್ಟೆ ಕಟ್ಟಲು ಹೊರಡಲಿಲ್ಲ, ಮೊದಲು ಅಳೆಸಿದರು. ನದಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದುಹೋಗಿದ್ದವೆಂಬ ಲೆಕ್ಕ ಹೊರಬಿತ್ತು. ಆ ಲೆಕ್ಕದ ಆಧಾರದ ಮೇಲೆಯೇ ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆಯುವ ಜಲಾಶಯಗಳ ಸಲಹೆ ಬಂದಿತು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಮುಗಿದವು. ಅಳೆಯದೆ ಕಟ್ಟಬಾರದೆಂಬ ಪಾಠವನ್ನು ಈ ನಗರಕ್ಕೆ ಕಲಿಸಿದವರು ಕನ್ನಡ ನಾಡಿನವರೆಂಬುದು ನಮಗೆ ಹೆಮ್ಮೆಯ ವಿಷಯ.

1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿತವಾಯಿತು. ಸರಿಸುಮಾರು ಅದೇ ವರ್ಷಗಳಲ್ಲಿ ನಿಜಾಮರ ಸೇವೆಯಲ್ಲಿದ್ದ ಲೆನರ್ಡ್ ಮನ್ ಎಂಬ ಆಂಗ್ಲರ ಮೇಲ್ವಿಚಾರಣೆಯಲ್ಲಿ ನಗರದ ಮೋಜಣಿ ನಡೆಯಿತು. ಗಲ್ಲಿ ಗಲ್ಲಿಯನ್ನೂ ಅಳೆದು, ಕಟ್ಟಡಗಳನ್ನೂ ಬಾವಿಗಳನ್ನೂ ನೂರಾರು ಹಾಳೆಗಳಲ್ಲಿ ಬರೆದಿಟ್ಟರು. ನಗರದ ಹಳೆಯ ರೂಪವನ್ನು ತಿಳಿಯಬಯಸುವ ವಿದ್ವಾಂಸರು ಇಂದಿಗೂ ಆ ನಕ್ಷೆಗಳನ್ನೇ ಬಿಡಿಸಿ ನೋಡುತ್ತಾರೆ.

ಆದರೆ ನಕ್ಷೆ ಮನೆಯ ಎಲ್ಲೆಯನ್ನು ಹೇಳೀತೇ ಹೊರತು ಅದರ ಸ್ಥಿತಿಯನ್ನು ಹೇಳದು. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಸೂರು ಹುಲ್ಲಿನದೋ ಹೆಂಚಿನದೋ ಎಂಬುದನ್ನು ಮನೆ ಮನೆಗೆ ಹೋಗಿ ಕಣ್ಣಾರೆ ಕಂಡೇ ಬರೆಯಬೇಕು. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಪ್ರತಿಯೊಂದು ಮನೆಗೂ ಉತ್ತಮ, ವಾಸಯೋಗ್ಯ, ಶಿಥಿಲ ಎಂಬ ಮೂರರಲ್ಲಿ ಒಂದು ಗುರುತು ಬಿದ್ದಿತು. ಇದೆಲ್ಲ ಕಾಗದದ ಮೇಲೆ ನಡೆದ ಕೆಲಸ.

ಕಾಗದವನ್ನು ಬಿಟ್ಟು ಯಂತ್ರವನ್ನು ಕೈಗೆತ್ತಿಕೊಂಡದ್ದು ಅದೇ ವರ್ಷದ ಜೂನ್ ತಿಂಗಳಿನಲ್ಲಿ ಆರಂಭವಾದ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ. ಅದಕ್ಕಾಗಿ ಆರು ಲಕ್ಷಕ್ಕೂ ಹೆಚ್ಚು ಅಂಗೈ ಯಂತ್ರಗಳನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. ಕಾರ್ಯದಲ್ಲಿ ಕೈಜೋಡಿಸಿದವು ಬೆಂಗಳೂರಿನ ಐ.ಟಿ.ಐ. ಮತ್ತು ನಮ್ಮ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ತಾಯ್ನಾಡೂ ನೆಲೆಸಿದ ನಾಡೂ ಇಲ್ಲಿ ಒಂದಾದವು. ಗಣತಿದಾರ ಪ್ರಶ್ನೆ ಕೇಳುವನು. ಜೊತೆಗಿದ್ದವನು ಉತ್ತರವನ್ನು ಯಂತ್ರಕ್ಕೆ ಸೇರಿಸುವನು. ಕಾಗದದಿಂದ ಮತ್ತೆ ನಕಲು ಮಾಡುವ ಶ್ರಮ ಉಳಿಯಿತು.

ಆ ಗುರುತುಗಳ ಬೆಲೆ ಎಷ್ಟೆಂಬುದನ್ನು ನೋಡಿ! ಹಳ್ಳಿಗಳಲ್ಲಿ ಕಚ್ಚಾ ಗೋಡೆ, ಕಚ್ಚಾ ಸೂರಿನ ಒಂದೇ ಕೋಣೆಯ ಮನೆಯಾದರೆ ಅದು ಬಡತನದ ಒಂದು ಲಕ್ಷಣವೆಂದು ದಾಖಲಾಯಿತು. ಮೂರು ಅಥವಾ ಹೆಚ್ಚು ಪಕ್ಕಾ ಕೋಣೆಗಳಿದ್ದರೆ ಆ ಕುಟುಂಬ ಪಟ್ಟಿಯಿಂದ ಹೊರಗೆ. ಮುಂದೆ ಸರ್ಕಾರದ ವಸತಿ ಯೋಜನೆಗೂ ಆರೋಗ್ಯ ವಿಮೆಗೂ ಫಲಾನುಭವಿಗಳನ್ನು ಆರಿಸಿದ್ದು ಈ ಪಟ್ಟಿಯ ಆಧಾರದಿಂದಲೇ. ಬೆರಳಿನ ಒಂದು ಒತ್ತು ಒಂದು ಸಂಸಾರದ ಭಾಗ್ಯವನ್ನು ನಿರ್ಧರಿಸಿತೆಂದರೆ ಅತಿಶಯೋಕ್ತಿಯಾಗದು. ಆದ್ದರಿಂದಲೇ ಕರಡು ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕೇಳುವ ಏರ್ಪಾಡೂ ಅದರಲ್ಲಿತ್ತು. ಯಂತ್ರಕ್ಕಿಂತ ಈ ಏರ್ಪಾಡೇ ದೊಡ್ಡದು.

ತೆಲಂಗಾಣ ರಾಜ್ಯವಾದ ಮೇಲೆ, 2014ರ ಆಗಸ್ಟ್ 19ರಂದು ಒಂದೇ ದಿನ ಸಮಗ್ರ ಕುಟುಂಬ ಸಮೀಕ್ಷೆ ನಡೆಯಿತು. ಮನೆಯಲ್ಲಿದ್ದು ಲೆಕ್ಕ ಕೊಡಬೇಕೆಂದು ಜನ ಬಸ್ಸು ರೈಲುಗಳಲ್ಲಿ ಕಿಕ್ಕಿರಿದು ಊರು ಸೇರಿದರು. 2024ರಲ್ಲಿ ನಗರಪಾಲಿಕೆ ಉಪಗ್ರಹ ಚಿತ್ರ, ಡ್ರೋನ್ ಮತ್ತು ಮನೆ ಭೇಟಿಗಳ ಮೂಲಕ ಆಸ್ತಿಗಳ ಸಮೀಕ್ಷೆಯನ್ನು ಆರಂಭಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿಯ ಯೋಜನೆಗಾಗಿ ಅಧಿಕಾರಿಗಳು ನದೀಪಾತ್ರದ ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದಿಂದ ‘ಆರ್‌ಬಿ-ಎಕ್ಸ್’ ಎಂದು ಬರೆದರು. ನಮ್ಮ ನೃಪತುಂಗ ಶಾಲೆಯಿರುವ ಕಾಚಿಗುಡಾಕ್ಕೆ ಹತ್ತಿರದ ಚಾದರ್‌ಘಾಟಿನ ಬಡಾವಣೆಗಳಲ್ಲಿ ಆತಂಕ ಹಬ್ಬಿತು. ಕೆಲವರು ಸರ್ಕಾರ ಕೊಟ್ಟ ಮನೆಗಳಿಗೆ ಹೋದರು, ಅನೇಕರು ಪ್ರತಿಭಟಿಸಿದರು. 1908ರಲ್ಲಿ ಯಾವ ದಡದ ಮನೆಗಳನ್ನು ನೀರು ಕೊಚ್ಚಿತೋ ಅದೇ ದಡ ಇದು. ಅಲ್ಲಿ ಮನೆ ಇರಬಾರದೆಂಬುದಕ್ಕೆ ಚರಿತ್ರೆಯ ಸಾಕ್ಷಿಯುಂಟು. ಆದರೆ ಅಲ್ಲಿ ಬಾಳಿದವರ ಮಾತನ್ನು ಕೇಳದೆ ಗೋಡೆಗೆ ಗುರುತು ಹಾಕುವುದು ಸರಿಯೆ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು. ಅಳತೆ ರಕ್ಷಿಸಲೂ ಬಲ್ಲದು, ಎಬ್ಬಿಸಲೂ ಬಲ್ಲದು.

ಇದು ನಮಗೇಕೆ ಎಂದು ಕೆಲವರು ಕೇಳಬಹುದು. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದ ನಮ್ಮ ಅನೇಕ ಕುಟುಂಬಗಳಿಗೆ ಇಲ್ಲಿರುವುದು ಬಾಡಿಗೆಯ ಮನೆ, ಹಿರಿಯರ ಮನೆ ಇರುವುದು ಹಳ್ಳಿಯಲ್ಲಿ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರಲ್ಲಿ ಆಸ್ತಿಯ ಎಲ್ಲೆಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಬಳಿಕ ಡ್ರೋನ್ ಹಾರಿ ಚಿತ್ರ ತೆಗೆಯುತ್ತದೆ. ಬೀಗ ಹಾಕಿದ ಮನೆಯ ಎಲ್ಲೆಯನ್ನು ತೋರಿಸುವವರಾರು? ಯಂತ್ರಕ್ಕೆ ತಪ್ಪು ಹೇಳಿದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಕಾಪಾಡುತ್ತದೆ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು 2025ರ ಜೂನ್‌ನಲ್ಲಿ ಸರ್ಕಾರ ಪ್ರಕಟಿಸಿದೆ. ಈ ಸಲ ಗಣತಿದಾರನ ಕೈಯಲ್ಲಿರುವುದು ಮೊಬೈಲು. ಆದುದರಿಂದ ಕನ್ನಡ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಊರಿನ ಮನೆಯ ಕಾಗದಪತ್ರಗಳನ್ನು ಒಮ್ಮೆ ತೆರೆದು ನೋಡಿರಿ. ಅಳತೆಯ ಸುದ್ದಿ ಬಂದಾಗ ಮನೆಯವರೊಬ್ಬರಾದರೂ ಹೋಗಿ ಎಲ್ಲೆಯನ್ನು ತೋರಿಸಿರಿ. ಇಲ್ಲಿ ಬಾಗಿಲು ತಟ್ಟಿದವನಿಗೆ ಮನೆಯ ಸ್ಥಿತಿಯನ್ನು ಇದ್ದಂತೆ ಹೇಳಿರಿ, ಬರೆದುಕೊಂಡದ್ದನ್ನು ಓದಿಸಿ ಕೇಳಿರಿ. ಮಾತೃಭಾಷೆ ಯಾವುದೆಂದು ಕೇಳಿದಾಗ ಸಂಕೋಚವಿಲ್ಲದೆ ಕನ್ನಡವೆನ್ನಿರಿ. ಶಾಲೆಗಾಗಿ, ಪುಸ್ತಕಕ್ಕಾಗಿ ನಾವು ನಾಳೆ ಕೇಳುವಾಗ ಆ ಲೆಕ್ಕವೇ ನಮ್ಮ ಪರವಾಗಿ ನಿಲ್ಲಬೇಕಾಗಿದೆ.