ಬಡಾವಣೆಯ ಬೀದಿಗಳಲ್ಲಿ ಸೈಕಲ್ ಸುರಕ್ಷತೆ: ನಾಗಸಂದ್ರದ ನಿದರ್ಶನ

ಬಡಾವಣೆಯ ಒಳರಸ್ತೆಗಳಲ್ಲಿ ಮೋಟಾರು ವಾಹನಗಳ ವೇಗವನ್ನೂ ಸಂಖ್ಯೆಯನ್ನೂ ರಸ್ತೆಯ ರಚನೆಯ ಮೂಲಕವೇ ತಗ್ಗಿಸುವ ಕ್ರಮಕ್ಕೆ ಸಂಚಾರ ಶಮನ ಎಂದು ಹೆಸರು. ಎಂಜಿನಿಯರುಗಳ ಬಳಕೆಯಲ್ಲಿ ಇದು ಟ್ರಾಫಿಕ್ ಕಾಮಿಂಗ್. ಸೈಕಲ್ ಸುರಕ್ಷತೆ ಎಂದೊಡನೆ ಪ್ರತ್ಯೇಕ ಸೈಕಲ್ ಪಥ ನೆನಪಾಗುವುದು ಸಹಜ. ಆದರೆ ಇಪ್ಪತ್ತು, ಮೂವತ್ತು ಅಡಿ ಅಗಲದ ಬೀದಿಯಲ್ಲಿ ಪ್ರತ್ಯೇಕ ಪಥಕ್ಕೆ ಜಾಗವೇ ಇರುವುದಿಲ್ಲ. ಅಲ್ಲಿ ಸೈಕಲ್ ಸವಾರನನ್ನು ಕಾಪಾಡುವುದು ನೆಲದ ಮೇಲಿನ ಬಣ್ಣದ ಗೆರೆಯಲ್ಲ, ಹಿಂದಿನಿಂದ ಬರುವ ವಾಹನದ ನಿಧಾನಗತಿ.

ನಾಗಸಂದ್ರದ ಭೌಗೋಳಿಕ ಸ್ಥಿತಿ

ನಾಗಸಂದ್ರ ಬೆಂಗಳೂರಿನ ವಾಯವ್ಯ ಅಂಚಿನಲ್ಲಿ ತುಮಕೂರು ರಸ್ತೆಗೆ ಹೊಂದಿಕೊಂಡಿದೆ. ಸುತ್ತಲಿನ ದಾಸರಹಳ್ಳಿ ಪ್ರದೇಶವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಅದಕ್ಕೂ ಮೊದಲು ಅದು ಪ್ರತ್ಯೇಕ ನಗರಸಭೆಯಾಗಿತ್ತು. ನಾಗಸಂದ್ರಕ್ಕೆ ಮೆಟ್ರೋ ಬಂದದ್ದು 2015ರ ಮೇ 1ರಂದು. ಒಂಬತ್ತು ವರ್ಷ ಹಸಿರು ಮಾರ್ಗದ ಕೊನೆಯ ನಿಲ್ದಾಣ ಇದೇ ಆಗಿತ್ತು. 2024ರ ನವೆಂಬರ್ 7ರಂದು ಮಾರ್ಗವು ಮಂಜುನಾಥನಗರ, ಚಿಕ್ಕಬಿದರಕಲ್ಲು ನಿಲ್ದಾಣಗಳನ್ನು ಹಾದು ಮಾದಾವರದವರೆಗೆ 3.14 ಕಿ.ಮೀ. ವಿಸ್ತರಣೆಗೊಂಡಿತು. ನಿಲ್ದಾಣದ ಪಕ್ಕದಲ್ಲೇ 2022ರಲ್ಲಿ ಐಕಿಯಾದ ಬೃಹತ್ ಪೀಠೋಪಕರಣ ಮಳಿಗೆ ಆರಂಭವಾಯಿತು. ಸನಿಹದ ಪೀಣ್ಯ ಕೈಗಾರಿಕಾ ಪ್ರದೇಶವು ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು.

ಮನೆ, ಕಾರ್ಖಾನೆ, ಶಾಲೆ, ನಿಲ್ದಾಣ ಇಷ್ಟು ಹತ್ತಿರವಿರುವ ಪ್ರದೇಶ ಸೈಕಲ್‌ಗೆ ಹೇಳಿ ಮಾಡಿಸಿದಂತಿದೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಸಾವಧಾನವಾಗಿ ತುಳಿದರೂ ಮೂರು ಕಿ.ಮೀ. ದೂರಕ್ಕೆ ಹದಿನೈದು ನಿಮಿಷ ಸಾಕು. ತೊಡಕು ಇರುವುದು ದೂರದಲ್ಲಲ್ಲ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿದ್ದ, ಈಗ 48 ಆಗಿರುವ ತುಮಕೂರು ರಸ್ತೆಯು ಈ ಪ್ರದೇಶವನ್ನು ಎರಡು ಭಾಗವಾಗಿ ಸೀಳುತ್ತದೆ. ಹೆದ್ದಾರಿಯಲ್ಲಿ ವಾಹನ ಕಟ್ಟಿ ನಿಂತಾಗ ದ್ವಿಚಕ್ರ ವಾಹನಗಳೂ ಗೂಡ್ಸ್ ಆಟೋಗಳೂ ಒಳಗಿನ ಕ್ರಾಸ್‌ಗಳಿಗೆ ನುಗ್ಗುತ್ತವೆ. ಮಕ್ಕಳು ಸೈಕಲ್ ಕಲಿಯುವ ಬೀದಿಯೇ ಅವಸರದವರ ಒಳದಾರಿಯಾಗುತ್ತದೆ.

ವೇಗ ಮತ್ತು ಅಪಾಯ

ವಾಹನದ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಕಾರು 50 ಕಿ.ಮೀ.ಗೆ ಏರಿದರೆ ಡಿಕ್ಕಿಯ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ. ನಿಲ್ಲಲು ಬೇಕಾಗುವ ದೂರದ ಲೆಕ್ಕ ಇದಕ್ಕಿಂತ ಕಣ್ಣು ತೆರೆಸುವಂಥದು. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದು ಸೆಕೆಂಡ್ ಬೇಕೆಂದು ಇಟ್ಟುಕೊಳ್ಳೋಣ. ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ಒಟ್ಟು ಸುಮಾರು 13 ಮೀಟರ್‌ನಲ್ಲಿ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಸಾಗಿರುತ್ತದೆ. ಮೊದಲ ಕಾರು ನಿಂತುಹೋದ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕ್ ಹಿಡಿಯದೆ ಪೂರ್ಣ ವೇಗದಲ್ಲಿರುತ್ತದೆ.

ಪಾದಚಾರಿಗಳೂ ಸೈಕಲ್ ಸವಾರರೂ ವಾಹನಗಳೊಂದಿಗೆ ಬೆರೆಯುವ ಕಡೆ ಗರಿಷ್ಠ ವೇಗ 30 ಕಿ.ಮೀ. ಇರಬೇಕೆಂದು 2020ರ ಫೆಬ್ರುವರಿಯ ಸ್ಟಾಕ್‌ಹೋಮ್ ಘೋಷಣೆ ಹೇಳಿರುವುದು ಈ ಕಾರಣಕ್ಕೆ. ಭಾರತದಲ್ಲಿ ಕೇಂದ್ರ ಸರ್ಕಾರದ 2018ರ ಅಧಿಸೂಚನೆಯು ನಗರ ವ್ಯಾಪ್ತಿಯ ರಸ್ತೆಗಳಲ್ಲಿ ಕಾರುಗಳಿಗೆ 70, ಮೋಟಾರ್‌ಸೈಕಲ್‌ಗಳಿಗೆ 60 ಕಿ.ಮೀ. ಮೇಲ್ಮಿತಿ ಇಟ್ಟಿದೆ. ಬಡಾವಣೆಯ ಬೀದಿಗೆ ಈ ಮಿತಿ ಇದ್ದೂ ಇಲ್ಲದಂತೆ. ಅದಕ್ಕಿಂತ ಕಡಿಮೆ ಮಿತಿ ನಿಗದಿಪಡಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ.

ಹಂಪ್ಸ್: ಸರಿಯಾದದ್ದು, ತಪ್ಪಾದದ್ದು

ವೇಗ ತಗ್ಗಿಸಲು ಬೆಂಗಳೂರಿನ ನಿವಾಸಿಗಳಿಗೆ ಚಿರಪರಿಚಿತವಾದ ಸಾಧನ ಹಂಪ್ಸ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಹಂಪ್ಸ್ 3.7 ಮೀಟರ್ ಅಗಲವಾಗಿ ಹರಡಿ, ನಡುವೆ 10 ಸೆಂ.ಮೀ. ಮಾತ್ರ ಎತ್ತರವಿರಬೇಕು. ಇಂತಹ ಇಳಿಜಾರಿನ ಮೇಲೆ ವಾಹನ ಸುಮಾರು 25 ಕಿ.ಮೀ. ವೇಗದಲ್ಲಿ ಕುಲುಕಾಟವಿಲ್ಲದೆ ದಾಟುತ್ತದೆ, ಸೈಕಲ್ ಸಹ ಸರಾಗವಾಗಿ ಏರಿಳಿಯುತ್ತದೆ. 40 ಮೀಟರ್ ಮುಂಚೆಯೇ ಎಚ್ಚರಿಕೆಯ ಫಲಕವೂ ಮೇಲೆ ಹೊಳೆಯುವ ಪಟ್ಟಿಯೂ ಇರಬೇಕು.

ರಾತ್ರೋರಾತ್ರಿ ಡಾಂಬರು ಸುರಿದು ಮಾಡಿದ ಗಿಡ್ಡ, ಕಡಿದಾದ ದಿಬ್ಬ ಇದಕ್ಕೆ ತದ್ವಿರುದ್ಧ. ಗಟ್ಟಿ ಸಸ್ಪೆನ್ಷನ್ ಇರುವ ಕಾರು ಅದನ್ನು ಹಾರಿಸಿಕೊಂಡು ಹೋಗುತ್ತದೆ. ತೆಳು ಟೈರಿನ ಸೈಕಲ್ ಅಲ್ಲಿ ಮುಗ್ಗರಿಸುತ್ತದೆ. ದಿಬ್ಬ ತಪ್ಪಿಸಲು ಬೈಕುಗಳು ಚರಂಡಿಯ ಅಂಚಿನ ಕಿರುಜಾಗಕ್ಕೆ ವಾಲುತ್ತವೆ. ಸೈಕಲ್ ಸವಾರ ಸಾಮಾನ್ಯವಾಗಿ ಇರುವುದೂ ಅಲ್ಲೇ. ಬಣ್ಣವಿಲ್ಲದ ಅವೈಜ್ಞಾನಿಕ ಹಂಪ್ಸ್ ಸುರಕ್ಷತೆಯ ಹೆಸರಿನಲ್ಲಿ ನಿರ್ಮಿಸಿದ ಅಪಾಯವೇ ಸರಿ.

ಇದಕ್ಕಿಂತ ಉತ್ತಮ ವಿಧಾನ ಅಡ್ಡರಸ್ತೆ ಕೂಡುವಲ್ಲಿ ಇಡೀ ರಸ್ತೆಯನ್ನು ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸುವುದು. ತಿರುವಿನ ಮೂಲೆಯನ್ನು ಕಿರಿದಾಗಿಸಿದರೂ ವಾಹನ ತಾನಾಗಿ ನಿಧಾನಿಸಿ ತಿರುಗುತ್ತದೆ.

ಒಳದಾರಿ ಸಂಚಾರದ ನಿಯಂತ್ರಣ

ವೇಗ ತಗ್ಗಿದರೂ ಸಂಚಾರದ ಪ್ರಮಾಣ ತಗ್ಗದಿದ್ದರೆ ಅರ್ಧ ಕೆಲಸವಷ್ಟೇ ಆದಂತೆ. ಬಡಾವಣೆಗೆ ಸಂಬಂಧವಿಲ್ಲದೆ ಕೇವಲ ಹಾದುಹೋಗುವ ವಾಹನಗಳನ್ನು ಹೊರಗಿಡಲು ಬೀದಿಯ ಒಂದು ಕಡೆ ಕಂಬಗಳನ್ನು ನೆಡಲಾಗುತ್ತದೆ. ಸೈಕಲ್ಲೂ ಪಾದಚಾರಿಯೂ ಅವುಗಳ ನಡುವೆ ಸಾಗಬಹುದು. ಕಾರು ಸುತ್ತಿ ಬರಬೇಕು. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗಾಗಿ ಮಡಿಸಬಲ್ಲ ಕಂಬಗಳಿವೆ. ಪ್ರತಿ ಮನೆಯ ಬಾಗಿಲಿಗೂ ಒಂದು ದಿಕ್ಕಿನಿಂದ ವಾಹನ ಬರುವ ದಾರಿ ಉಳಿದೇ ಇರುವುದರಿಂದ ನೀರಿನ ಟ್ಯಾಂಕರ್‌ಗಾಗಲಿ ಕಸದ ಆಟೋಗಾಗಲಿ ಅಡ್ಡಿಯಿಲ್ಲ.

ನೆದರ್ಲೆಂಡ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಂದ ಸುಮಾರು 3,300 ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳಿದ್ದರು. ಪಾಲಕರು ಬೀದಿಗಿಳಿದು ಹೋರಾಡಿದರು. 1977ರಲ್ಲಿ ಗ್ರೋನಿಂಗನ್ ನಗರವು ತನ್ನ ಕೇಂದ್ರ ಭಾಗವನ್ನು ನಾಲ್ಕು ವಿಭಾಗಗಳಾಗಿ ಮಾಡಿ, ಒಂದರಿಂದ ಇನ್ನೊಂದಕ್ಕೆ ಕಾರು ನೇರವಾಗಿ ಹೋಗದಂತೆ ಮಾಡಿತು. ಸೈಕಲ್‌ಗೆ ಮಾತ್ರ ನೇರ ದಾರಿ ಉಳಿಯಿತು. ಇಂದು ಸೈಕಲ್ ನಾಡೆಂದು ಹೆಸರಾದ ದೇಶ ಹುಟ್ಟಿನಿಂದಲೇ ಹಾಗಿರಲಿಲ್ಲ.

ಸಣ್ಣ ಸಂಗತಿಗಳು

ಮಳೆನೀರಿನ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ; ಅಡ್ಡಲಾಗಿ ಇರಬೇಕು. ನಿಂತ ಕಾರಿನ ಬಾಗಿಲು ತಟ್ಟನೆ ತೆರೆದು ಸವಾರ ಬೀಳುವುದು ಮತ್ತೊಂದು ಅಪಾಯ. ಬಾಗಿಲಿನಿಂದ ದೂರದ ಕೈಯಲ್ಲಿ ಹಿಡಿ ಎಳೆದರೆ ಮೈ ತಾನಾಗಿ ಹಿಂದಕ್ಕೆ ತಿರುಗಿ ರಸ್ತೆ ಕಾಣುತ್ತದೆ. ಸವಾರನೂ ನಿಂತ ವಾಹನಗಳಿಂದ ಒಂದು ಮೀಟರ್ ದೂರ ಉಳಿಯಬೇಕು.

ಬಣ್ಣದ ಪಥಗಳ ಅನುಭವ

ಜಯನಗರದಲ್ಲಿ 2012ರ ಸುಮಾರಿಗೆ ಪಾಲಿಕೆಯು ಸೈಕಲ್ ಪಥಗಳನ್ನು ಗುರುತಿಸಿತು. ಬಹಳ ಬೇಗ ಅವು ಕಾರುಗಳ ನಿಲುಗಡೆಯ ಸಾಲುಗಳಾದವು. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು ಹೊರವರ್ತುಲ ರಸ್ತೆಯಲ್ಲಿ ಕೃಷ್ಣರಾಜಪುರ ಹಾಗೂ ಸಿಲ್ಕ್‌ಬೋರ್ಡ್ ನಡುವೆ ಕಂಬಗಳಿಂದ ಬೇರ್ಪಡಿಸಿದ ತಾತ್ಕಾಲಿಕ ಪಥವನ್ನು ಹಾಕಿತು. ಸವಾರರು ಅದನ್ನು ಸ್ವಾಗತಿಸಿದರು. ಮುಂದೆ ಮೆಟ್ರೋ ಕಾಮಗಾರಿಯಲ್ಲಿ ಅದು ಉಳಿಯಲಿಲ್ಲ. ಅಗಲ ರಸ್ತೆಗೆ ಗಟ್ಟಿಯಾಗಿ ಬೇರ್ಪಡಿಸಿದ ಪಥ, ಕಿರಿದಾದ ಬೀದಿಗೆ ವೇಗ ನಿಯಂತ್ರಣ ಎಂಬ ವಿಂಗಡಣೆಯನ್ನು ಈ ಎರಡೂ ಅನುಭವಗಳು ಸಮರ್ಥಿಸುತ್ತವೆ.

ನಾಗಸಂದ್ರಕ್ಕೆ ಹೊಂದುವ ಕ್ರಮಗಳು

ನಾಗಸಂದ್ರದಲ್ಲಿ ಮೊದಲು ಬೇಕಾದದ್ದು ಶಾಲೆ ಮತ್ತು ನಿಲ್ದಾಣವನ್ನು ಕೂಡಿಸುವ ಒಂದೆರಡು ಒಳದಾರಿಗಳ ಆಯ್ಕೆ. ಆ ದಾರಿಯುದ್ದಕ್ಕೂ 30 ಕಿ.ಮೀ. ಮಿತಿ, ಎತ್ತರಿಸಿದ ಕ್ರಾಸ್‌ಗಳು, ಬೆಳಕು ಇದ್ದರೆ ಹೆದ್ದಾರಿಯ ಸರ್ವಿಸ್ ರಸ್ತೆಗೆ ಇಳಿಯುವ ಅಗತ್ಯವೇ ಕಡಿಮೆಯಾಗುತ್ತದೆ. ಹೆದ್ದಾರಿ ದಾಟುವ ಕಡೆ ಮೆಟ್ಟಿಲುಗಳ ಪಕ್ಕ ಸೈಕಲ್ ಚಕ್ರ ಉರುಳಿಸಲು ಸಣ್ಣ ಕಾಲುವೆಯಂಥ ಇಳಿಜಾರು ಮಾಡುವುದು ಅಗ್ಗದ ಕೆಲಸ. ಮಡಿಸುವ ಸೈಕಲ್ಲನ್ನು ಮೆಟ್ರೋದಲ್ಲಿ ಒಯ್ಯಲು 2020ರಿಂದ ಅವಕಾಶವಿದೆ. ಸಾಮಾನ್ಯ ಸೈಕಲ್‌ಗಾದರೋ ಬೀಗ ಹಾಕಿ ನಿಲ್ಲಿಸುವ ನೆರಳಿನ ಜಾಗ ಬೇಕು.

ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು 2006-07ರಲ್ಲಿ ಆರಂಭಿಸಿತ್ತು. ಸೈಕಲ್ ಕೊಡುವಷ್ಟೇ ಮುಖ್ಯ ಅದನ್ನು ತುಳಿಯಲು ನಿರ್ಭಯವಾದ ದಾರಿ ಕೊಡುವುದು. ಬಡಾವಣೆಯ ಸಂಘಗಳು ಪಾಲಿಕೆಗೂ ಸಂಚಾರ ಪೊಲೀಸರಿಗೂ ಬರೆಯುವಾಗ ‘ಒಂದು ಹಂಪ್ಸ್ ಹಾಕಿಸಿಕೊಡಿ’ ಎಂದಷ್ಟೇ ಕೇಳಬಾರದು. ಯಾವ ಬೀದಿಯಲ್ಲಿ ಯಾವ ಹೊತ್ತಿನಲ್ಲಿ ಎಷ್ಟು ವಾಹನ ಹಾದುಹೋಗುತ್ತವೆ ಎಂದು ತಾವೇ ಎಣಿಸಿ, ಬೀದಿಯ ನಕ್ಷೆ ಲಗತ್ತಿಸಿ, 3.7 ಮೀಟರ್ ಅಗಲದ ಹಂಪ್ಸನ್ನೂ 30 ಕಿ.ಮೀ. ಫಲಕವನ್ನೂ ಹೆಸರು ಹಿಡಿದು ಕೇಳಬೇಕು.